ಬೀಡಿಂಗ್ ಕುಯ್ಯಲು ಯಾವ ಗರಗಸ?

ಬೋಧನಾಭ್ಯಾಸಕ್ಕೆಂದು ನಾನು ಹೋಗುತ್ತಿದ್ದುದು ಆರ್‌ಪಿಸಿ ಲೇಔಟ್‌ನ ಒಂದು ಪ್ರೌಢಶಾಲೆಗೆ. ಬಡಾವಣೆಗೆ ಹಂಪಿನಗರ ಎಂಬ ಹೆಸರಿದ್ದರೂ ಆಟೊದವರಿಗೂ ನಮ್ಮ ಮಕ್ಕಳಿಗೂ ಅದು ಇನ್ನೂ ಆರ್‌ಪಿಸಿ ಲೇಔಟೇ. ಅತ್ತಿಗುಪ್ಪೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ಶಾಲೆಗೆ ನಡೆಯುವಾಗ ಹಳೆಯ ಮನೆ ಕೆಡವಿ ಹೊಸದು ಕಟ್ಟುವ ಕೆಲಸ ಒಂದಲ್ಲ ಒಂದು ಕಡೆ ಕಾಣುತ್ತದೆ. ಒಳಗೆ ಬಾಗಿಲಿನ ಚೌಕಟ್ಟಿಗೆ ಬೀಡಿಂಗ್ ಪಟ್ಟಿ ಕೂರಿಸುತ್ತಿರುತ್ತಾರೆ, ಹೊರಗೆ ಮರದ ಪುಡಿ ಬಿದ್ದಿರುತ್ತದೆ. 8ನೇ ತರಗತಿಯ ಚತುರ್ಭುಜಗಳ ಪಾಠಕ್ಕೆ ಈ ಸಲ ಥರ್ಮಾಕೋಲ್ ಬೇಡ, ಮಕ್ಕಳಿಂದಲೇ ಬೀಡಿಂಗ್ ಕುಯ್ಯಿಸಿ ಫೋಟೊ ಚೌಕಟ್ಟು ಮಾಡಿಸೋಣ ಎಂದು ನನಗೆ ಹೊಳೆದದ್ದು ಆ ದಾರಿಯಲ್ಲೇ.

ಪಾಠ ಕೆಟ್ಟಿತು. ಮನೆಯ ಅಟ್ಟದ ಮೇಲಿದ್ದ ಗರಗಸವನ್ನೇ ಒಯ್ದಿದ್ದೆ. ಗರಗಸ ಎಂದರೆ ಗರಗಸ, ಅದರಲ್ಲಿ ಆರಿಸುವುದೇನಿದೆ ಎಂಬುದು ನನ್ನ ತಿಳಿವಳಿಕೆ. 25 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಪಟ್ಟಿಯ ಮೇಲೆ ಅದನ್ನು ಎಳೆದಾಗ ಹಲ್ಲು ಸಿಕ್ಕಿಕೊಂಡು ಪಟ್ಟಿ ಹಾರಿತು. ಕುಯ್ದ ಕಡೆ ಅಂಚು ಸಿಬಿರೆದ್ದಿತು. ನಾಲ್ಕು ತಂಡಗಳ ನಾಲ್ಕೂ ಚೌಕಟ್ಟುಗಳ ಮೂಲೆ ಬಾಯಿ ಬಿಟ್ಟುಕೊಂಡು ನಿಂತವು. ಅವಲೋಕನಕ್ಕೆ ಬಂದಿದ್ದ ನಮ್ಮ ಉಪನ್ಯಾಸಕರು ಪಟ್ಟಿಯಲ್ಲಿ 'ಉಪಕರಣ ಸೂಕ್ತವಲ್ಲ' ಎಂದು ಬರೆದರು. ಸರಿಯಾಗಿಯೇ ಬರೆದರು.

ಸಂಜೆ ಅದೇ ದಾರಿಯ ಒಂದು ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಆಚಾರ್ರಿಗೆ ಗರಗಸ ತೋರಿಸಿದೆ. ಅವರು ಹಲ್ಲಿನ ಮೇಲೆ ಬೆರಳಾಡಿಸಿ, 'ಮೇಡಂ, ಇದ್ರಲ್ಲಿ ದೇವ್ರು ಬಂದ್ರೂ ಬೀಡಿಂಗ್ ಕುಯ್ಯಕ್ಕಾಗಲ್ಲ. ಇದು ಹಲಗೆ ಕುಯ್ಯೋದು' ಎಂದರು. ಹಲ್ಲು ಎಣಿಸಿದೆ: ಒಂದು ಅಂಗುಲಕ್ಕೆ 7. ಬಿಎಸ್‌ಸಿ ಮುಗಿಸಿದವಳಿಗೆ ಉಳಿದ ಲೆಕ್ಕ ಹೊಳೆಯಬೇಕಿತ್ತು. ಅಂಗುಲ ಎಂದರೆ 25.4 ಮಿ.ಮೀ. 6 ಮಿ.ಮೀ. ದಪ್ಪದ ಪಟ್ಟಿಯ ಮೇಲೆ ಆ ಗರಗಸದ ಎರಡು ಹಲ್ಲು ಕೂಡ ಒಟ್ಟಿಗೆ ಕೂರುವುದಿಲ್ಲ, ಲೆಕ್ಕಕ್ಕೆ 1.65 ಹಲ್ಲು. ಒಂದು ಹಲ್ಲು ಪಟ್ಟಿಯ ಅಂಚಿಗೆ ಕೊಕ್ಕೆಯ ಹಾಗೆ ಬೀಳುತ್ತದೆ, ಪಟ್ಟಿ ಹಾರುತ್ತದೆ. ಕುಯ್ಯುವಾಗ ಕನಿಷ್ಠ ಮೂರು ಹಲ್ಲು ಮರದ ಮೇಲಿರಬೇಕು ಎಂಬುದು ಕೆಲಸದವರ ನಿಯಮ. ಹಾಗಾದರೆ 6 ಮಿ.ಮೀ. ಪಟ್ಟಿಗೆ ಅಂಗುಲಕ್ಕೆ 13 ಹಲ್ಲಾದರೂ ಬೇಕು. ಅನುಪಾತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ಹಲ್ಲಿನ ಎಣಿಕೆಯಷ್ಟೇ ಸಾಲದು, ಆಕಾರವೂ ಮುಖ್ಯ. ಮರವನ್ನು ಎಳೆಯ ಉದ್ದಕ್ಕೆ ಸೀಳುವ ಗರಗಸದ ಹಲ್ಲು ಪುಟ್ಟ ಉಳಿಗಳ ಸಾಲಿನಂತಿರುತ್ತದೆ. ಅಡ್ಡ ಕುಯ್ಯುವ ಗರಗಸದ ಹಲ್ಲಿನ ಅಂಚನ್ನು ಚಾಕುವಿನಂತೆ ಓರೆಯಾಗಿ ಅರದಿಂದ ಹರಿತ ಮಾಡಿರುತ್ತಾರೆ. ಅದು ಎಳೆಯನ್ನು ಮೊದಲು ಕತ್ತರಿಸಿ ಆಮೇಲೆ ಪುಡಿ ಹೊರಹಾಕುತ್ತದೆ. ಬೀಡಿಂಗ್‌ನ ಓರೆ ಕಡಿತಕ್ಕೆ ಬೇಕಾದದ್ದು ಈ ಎರಡನೆಯದು. ಅದರಲ್ಲೂ ಮೇಲಂಚಿಗೆ ಹಿತ್ತಾಳೆಯ ಅಥವಾ ಉಕ್ಕಿನ ದಪ್ಪ ಪಟ್ಟಿ ಕೂರಿಸಿದ, ಅಂಗುಲಕ್ಕೆ 12ರಿಂದ 14 ಹಲ್ಲಿನ ಗಿಡ್ಡ ಗರಗಸ. ಅಂಗಡಿಯಲ್ಲಿ ಟೆನನ್ ಸಾ ಎಂದು ಕೇಳಿದರೆ ಕೊಡುತ್ತಾರೆ. ಬೆನ್ನಿನ ಪಟ್ಟಿ ಇರುವುದರಿಂದ ತೆಳುವಾದ ತಗಡು ಬಳುಕುವುದಿಲ್ಲ, ಕಡಿತ ನೇರ ಇಳಿಯುತ್ತದೆ. ಜಪಾನಿನ ಗರಗಸಗಳು ಎಳೆಯುವಾಗ ಕುಯ್ಯುತ್ತವೆ, ತಗಡು ಇನ್ನೂ ತೆಳು, ಕಡಿತ ಇನ್ನೂ ನಯ. ಆದರೆ ಆ ಸಣ್ಣ ಹಲ್ಲು ಮಕ್ಕಳ ಕೈಯಲ್ಲಿ ಬೇಗ ಮುರಿದೀತು. ಶಾಲೆಗೆ ಅದು ಬೇಡ ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಡೆ ಎಷ್ಟೋ ಜನ ಬೀಡಿಂಗನ್ನು ಕಬ್ಬಿಣ ಕುಯ್ಯುವ ಹ್ಯಾಕ್‌ಸಾದಲ್ಲೇ ಕುಯ್ಯುತ್ತಾರೆ. 24 ಹಲ್ಲಿನ ಬ್ಲೇಡು ಹಾಕಿದರೆ ಅಂಚು ನಿಜಕ್ಕೂ ನಯವಾಗಿಯೇ ಬರುತ್ತದೆ. ಆದರೆ ಹಲ್ಲುಗಳ ಸಂದಿ ಮರದ ಪುಡಿಯಿಂದ ಬೇಗ ತುಂಬುತ್ತದೆ, ಬ್ಲೇಡು ಅತ್ತಿತ್ತ ಸರಿಯುತ್ತದೆ. ಪಳಗಿದ ಕೈಗೆ ಅದು ನಡೆಯುತ್ತದೆ, ಮೊದಲ ಸಲ ಗರಗಸ ಹಿಡಿದವರಿಗೆ ನಡೆಯುವುದಿಲ್ಲ.

ಗರಗಸಕ್ಕಿಂತ ಹೆಚ್ಚು ಮೋಸ ಮಾಡುವುದು ಮೈಟರ್ ಬಾಕ್ಸ್. ಪಟ್ಟಿಯನ್ನು ಒಳಗಿಟ್ಟು, ಎರಡೂ ಗೋಡೆಗಳಲ್ಲಿರುವ 45 ಮತ್ತು 90 ಡಿಗ್ರಿಯ ಸೀಳುಗಳ ನಡುವೆ ಗರಗಸ ಆಡಿಸುವ ಉದ್ದನೆಯ ತೊಟ್ಟಿ ಅದು. ಸೀಳು 2 ಮಿ.ಮೀ. ಅಗಲ, ಬ್ಲೇಡು 0.6 ಮಿ.ಮೀ. ದಪ್ಪ, ಎರಡು ಸೀಳುಗಳ ನಡುವೆ 100 ಮಿ.ಮೀ. ದೂರ ಎಂದಿಟ್ಟುಕೊಳ್ಳಿ. ಬ್ಲೇಡು 1.4 ಮಿ.ಮೀ. ಓರೆಯಾಗಬಹುದು, ಅಂದರೆ 0.8 ಡಿಗ್ರಿ. ಇಷ್ಟೇ ತಾನೇ ಎನ್ನಬಹುದು. ಆದರೆ ಒಂದು ಚೌಕಟ್ಟಿಗೆ ಎಂಟು ಕಡಿತ. ಪ್ರತಿ ಕಡಿತ ಬರೀ ಅರ್ಧ ಡಿಗ್ರಿ ತಪ್ಪಿ 44.5 ಆಯಿತೆನ್ನಿ. ಮೂರು ಮೂಲೆಗಳನ್ನು ಬಿಗಿಯಾಗಿ ಅಂಟಿಸಿದಾಗ 89ರ ಮೂರು ಕೋನ, ಒಟ್ಟು 267. ಚತುರ್ಭುಜದ ಒಳಕೋನಗಳ ಮೊತ್ತ 360. ನಾಲ್ಕನೆಯ ಮೂಲೆ 93 ಕೇಳುತ್ತದೆ, ನಮ್ಮ ಪಟ್ಟಿಗಳ ಹತ್ತಿರ ಇರುವುದು 89. ಉಳಿದ 4 ಡಿಗ್ರಿ 25 ಮಿ.ಮೀ. ಪಟ್ಟಿಯಲ್ಲಿ ಸುಮಾರು 2.5 ಮಿ.ಮೀ. ಬಿರುಕಾಗಿ ಕಣ್ಣಿಗೆ ಹೊಡೆಯುತ್ತದೆ. ಕಪ್ಪುಹಲಗೆಯ ಮೇಲೆ ಒಂದು ವಾಕ್ಯವಾಗಿದ್ದ 360, ಇಲ್ಲಿ ಬೆರಳು ತೂರಿಸಿ ನೋಡುವ ಸಂದಿಯಾಗುತ್ತದೆ. ನನ್ನ ತರಗತಿಯಲ್ಲಿ ಈ ಸಂದಿ ನಾಲ್ಕು ಕಡೆ ಬಂದಿತ್ತು. ನಾನು ಅದನ್ನು ಅಳೆಸಲಿಲ್ಲ, ಮುಚ್ಚಿಟ್ಟೆ.

ಇದನ್ನು ಬರೆಯಲು ಕಾರಣ ಅದೇ. ಪಾಠದ ನಡುವೆ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು, 'ಮಿಸ್, ಗೋಡೆ ಮೂಲೆ ಯಾವತ್ತೂ ಕರೆಕ್ಟಾಗಿ 90 ಇರಲ್ಲ, ನಮ್ಮಪ್ಪ ಅದಕ್ಕೆ ಬೇರೆ ಥರ ಕುಯ್ತಾರೆ' ಎಂದ. ಅವನ ಅಪ್ಪ ಬಡಗಿ. ಕಿರುಪರೀಕ್ಷೆಯಲ್ಲಿ 25ಕ್ಕೆ 6 ತೆಗೆದಿದ್ದ ಹುಡುಗ ಅವನು. ಹಿಂದೆ ಉಪನ್ಯಾಸಕರು ಕೂತಿದ್ದರು, ಕೈಯಲ್ಲಿ ಪಾಠಯೋಜನೆ, ಉಳಿದದ್ದು ಒಂಬತ್ತು ನಿಮಿಷ. 'ಅದೆಲ್ಲ ಆಮೇಲೆ, ಕೂತ್ಕೋ' ಎಂದುಬಿಟ್ಟೆ. ಅವನು ಹೇಳಿದ್ದು ಅಪ್ಪಟ ನಿಜ. ಗೋಡೆಯ ಮೂಲೆ 88 ಡಿಗ್ರಿ ಇದ್ದರೆ 45ರ ಎರಡು ಕಡಿತ ಕೂಡುವುದೇ ಇಲ್ಲ. ಆಗ ಒಂದು ಪಟ್ಟಿಯನ್ನು ನೇರವಾಗಿ ಮೂಲೆಗೆ ತಾಗಿಸಿ, ಇನ್ನೊಂದರ ತುದಿಯನ್ನು ಮೊದಲನೆಯದರ ಉಬ್ಬುತಗ್ಗಿನ ಆಕಾರಕ್ಕೇ ಕೊರೆದು ಕೂರಿಸುತ್ತಾರೆ. ಬಿಲ್ಲಿನಂಥ ಚೌಕಟ್ಟಿನಲ್ಲಿ ಸಣ್ಣ ಬ್ಲೇಡು ಬಿಗಿದ ಕೋಪಿಂಗ್ ಸಾ ಇರುವುದು ಆ ಕೆಲಸಕ್ಕೆ. ಮೂಲೆ ಒಂದೆರಡು ಡಿಗ್ರಿ ಹೆಚ್ಚುಕಡಿಮೆ ಇದ್ದರೂ ಸಂದಿ ಕಾಣುವುದಿಲ್ಲ. ಆ ದಿನ ತರಗತಿಯಲ್ಲಿ ಇದು ಗೊತ್ತಿದ್ದವನು ಅವನೊಬ್ಬನೇ. ಗುಂಪುಗಳಿಗೆ ಗರಗಸ ಕೊಡುವ ಮೊದಲು ಅವನನ್ನು ಕೇಳಿದ್ದರೆ ಅಟ್ಟದ ಗರಗಸ ಮೇಜಿಗೇ ಬರುತ್ತಿರಲಿಲ್ಲ.

ನನ್ನ ಸಹಪ್ರಶಿಕ್ಷಣಾರ್ಥಿಗಳು ಕೆಲವರು ಇಷ್ಟೆಲ್ಲ ಯಾಕೆ, ಜಿಯೊಜಿಬ್ರಾದಲ್ಲಿ ತೋರಿಸಬಹುದಿತ್ತಲ್ಲ ಎಂದರು. ತೋರಿಸಬಹುದು, ನಾನೂ ಬಳಸುತ್ತೇನೆ. ಅಲ್ಲಿ 45 ಎಂದು ಒತ್ತಿದರೆ 45ವೇ ಬರುತ್ತದೆ. ತಪ್ಪು ಕೂಡುತ್ತಾ ಹೋಗುವುದು ಕಾಣುವುದಿಲ್ಲ. ಇನ್ನು ಕೆಲವರದ್ದು ವಿದ್ಯುತ್ ಕಟ್ಟರ್ ತರಿಸೋಣ, ಕರಾರುವಾಕ್ಕಾಗಿ ಬರುತ್ತದೆ ಎಂಬ ಸಲಹೆ. ಇದನ್ನು ಮಾತ್ರ ಖಡಾಖಂಡಿತ ವಿರೋಧಿಸುತ್ತೇನೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬ್ಲೇಡು 13 ವರ್ಷದವರ ಹತ್ತಿರ ಇರಬಾರದು. ಧೂಳಿನ ಮಾತೂ ಇದೆ. ಮರದ ಧೂಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ. ಕೈಗರಗಸದಲ್ಲೂ ಪುಡಿ ಬೀಳುತ್ತದೆ, ಆದರೆ ಯಂತ್ರದಂತೆ ಕೋಣೆ ತುಂಬ ಹಾರುವುದಿಲ್ಲ. ಆದರೂ ಕೆಲಸ ವರಾಂಡದಲ್ಲೇ ಆಗಲಿ, ಎಂಡಿಎಫ್ ಪಟ್ಟಿ ಬೇಡ.

ಮಕ್ಕಳ ಕೈಗೆ ಗರಗಸವೇ ಎಂದು ಹೆದರುವ ಹಿರಿಯ ಶಿಕ್ಷಕರನ್ನು ನಾನು ಹಗುರವಾಗಿ ಕಾಣುವುದಿಲ್ಲ, ಗಾಯವಾದರೆ ಪೋಷಕರಿಗೆ ಉತ್ತರ ಹೇಳಬೇಕಾದವರು ಅವರು. ಆದರೆ ಅಂದು ಪಟ್ಟಿ ಹಾರಿದ್ದು ಗರಗಸ ಹರಿತವಾಗಿದ್ದರಿಂದ ಅಲ್ಲವಲ್ಲ. ಹಲ್ಲು ದೊಡ್ಡದಿತ್ತು, ಮೊಂಡಾಗಿತ್ತು, ಪಟ್ಟಿಯನ್ನು ಕ್ಲ್ಯಾಂಪಿನಿಂದ ಬಿಗಿದಿರಲಿಲ್ಲ. ಮೊಂಡು ಗರಗಸಕ್ಕೆ ಬಲ ಹಾಕುತ್ತೇವೆ, ಬಲ ಹಾಕಿದಾಗಲೇ ಕೈ ಜಾರುವುದು. 1937ರ ವಾರ್ಧಾ ಯೋಜನೆಯಿಂದ ಹಿಡಿದು 6ರಿಂದ 8ನೇ ತರಗತಿಯ ನಡುವೆ 10 ದಿನ ಬ್ಯಾಗ್ ಇಲ್ಲದೆ ಬಡಗಿ, ಕುಂಬಾರರ ಬಳಿ ಕಲಿಯಲಿ ಎನ್ನುವ 2020ರ ರಾಷ್ಟ್ರೀಯ ಶಿಕ್ಷಣ ನೀತಿಯವರೆಗೆ ಕೈಕೆಲಸದ ಮಾತು ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಹತ್ತು ಅಂಕಕ್ಕೆ ನಾನೂ ಬರೆದಿದ್ದೇನೆ. ಬರೆಯುವಾಗ ಒಂದು ಗರಗಸವನ್ನೂ ಕೈಯಲ್ಲಿ ಹಿಡಿದಿರಲಿಲ್ಲ.

ಕಾಲೇಜಿಗೆ ನನ್ನ ಕೋರಿಕೆ ಸಣ್ಣದು. ಬೋಧನೋಪಕರಣಗಳಿಗೆ ಇಡುವ ಹಣದಲ್ಲಿ ಥರ್ಮಾಕೋಲ್ ಸ್ವಲ್ಪ ಕಡಿಮೆ ಮಾಡಿ ಎರಡು ಟೆನನ್ ಸಾ, ಒಂದು ಕೋಪಿಂಗ್ ಸಾ, ಒಂದು ಮೂಲೆಮಟ್ಟ, ನಾಲ್ಕು ಕ್ಲ್ಯಾಂಪು ತರಿಸಬೇಕು. ಎಸ್‌ಪಿ ರಸ್ತೆಯಲ್ಲಿ ಎಲ್ಲವೂ ಸಿಗುತ್ತವೆ. ಮೈಟರ್ ಬಾಕ್ಸ್ ಮಾತ್ರ ಕೊಳ್ಳಬೇಡಿ. ಮೂರು ಹಲಗೆ ಸೇರಿಸಿ ನಾವೇ ಮಾಡಿಕೊಂಡು, ಬಳಸುವ ಗರಗಸದಿಂದಲೇ ಸೀಳು ಹಾಕಿದರೆ ಸಂದಿ ಬ್ಲೇಡಿನಷ್ಟೇ ಇರುತ್ತದೆ. ಗುರುತು ಮಾಡಲು ಪೆನ್ಸಿಲ್‌ಗಿಂತ ಚಾಕುವಿನ ಮೊನೆ ಮೇಲು.

ಇಂಟರ್ನ್‌ಶಿಪ್‌ನ ಕೊನೆಯ ವಾರ ಆಚಾರ್ರು ತಮ್ಮ ಟೆನನ್ ಸಾ ಎರಡು ದಿನಕ್ಕೆ ಕೊಟ್ಟರು. ಊಟದ ವಿರಾಮದಲ್ಲಿ ಆ ಹುಡುಗನನ್ನು ಕರೆದು, ಅವತ್ತು ಏನೋ ಹೇಳ್ತಿದ್ದೆಯಲ್ಲ, ಈಗ ಹೇಳು ಎಂದೆ. ಅವನು ಮಾತಾಡಲಿಲ್ಲ. ಗರಗಸ ತೆಗೆದುಕೊಂಡು ಹಲ್ಲು ನೋಡಿದ, ಬಿದ್ದಿದ್ದ ತುಂಡು ಪಟ್ಟಿಯನ್ನು ಮೇಜಿಗೆ ಬಿಗಿದ, ಮೊದಲು ಹಿಂದಕ್ಕೆ ಎರಡು ಸಲ ಹಗುರವಾಗಿ ಎಳೆದು ಗಾಯ ಮಾಡಿಕೊಂಡು ಆಮೇಲೆ ಕುಯ್ದ. ಕೋನಮಾಪಕ ಇಟ್ಟು ನೋಡಿದೆವು. 44ಕ್ಕೂ 45ಕ್ಕೂ ನಡುವೆ ಇತ್ತು. 'ಅರ್ಧ ಹೋಯ್ತು ಮಿಸ್' ಎಂದು ಅವನೇ ಹೇಳಿ, ಎಂಟಕ್ಕೆ ಎಷ್ಟಾಗುತ್ತದೆ ಎಂದು ನಾನು ಕೇಳುವ ಮೊದಲೇ ಬೆರಳು ಮಡಚತೊಡಗಿದ.