ಓಟಿಪಿ ಕೊಡುವ ಮುನ್ನ ಒಂದು ಮೇಲ್ ಕಳಿಸಿ ನೋಡಿ

ಇಂಟರ್ನೆಟ್ ಕಂಪನಿ ಬದಲಿಸಿದರೆ ಮನೆಗೆ ಒಬ್ಬ ಹುಡುಗ ಬರುತ್ತಾನೆ. ಗೋಡೆಗೆ ತೂತು ಕೊರೆದು ಫೈಬರ್ ಎಳೆದು, ರೂಟರ್ ಹಚ್ಚಿ, ತನ್ನ ಫೋನಿನಲ್ಲೇ ಸ್ಪೀಡ್ ಟೆಸ್ಟ್ ಮಾಡಿ ತೋರಿಸುತ್ತಾನೆ. ‘ನೆಟ್ ಆಗಯಾ ಅಂಕಲ್, ಓಟಿಪಿ ಬೋಲೋ’ ಎನ್ನುತ್ತಾನೆ. ಓಟಿಪಿ ಹೇಳಿದ ಕೂಡಲೇ ಅವನ ಕೆಲಸ ಮುಗಿಯಿತು. ಹೈದರಾಬಾದಿನ ನಾರಾಯಣಗೂಡ, ಹಿಮಾಯತ್‌ನಗರ, ಚಿಕ್ಕಡಪಲ್ಲಿಗಳಲ್ಲಿ ದಿನವೂ ನಡೆಯುವುದು ಇದೇ. ಆ ಹುಡುಗನ ಮೇಲೆ ನನಗೆ ದೂರಿಲ್ಲ. ದೂರಿರುವುದು, ಅವನ ಕೈಗೆ ನಾಲ್ಕು ಸಾಲಿನ ಒಂದು ಚೀಟಿಯನ್ನೂ ಕೊಡದೆ ಕಳಿಸುವ ಕಂಪನಿಗಳ ಮೇಲೆ.

ಸಣ್ಣ ಅಂಗಡಿಗಳ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಸಲ್ಲಿಸುವುದು ನನ್ನ ಕಸುಬು. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ 3ಬಿ ರಿಟರ್ನಿಗೆ 20ನೇ ತಾರೀಖು ಕಡೆಯ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಕಟ್ಟಬೇಕಾದ ತೆರಿಗೆಯ ಮೇಲೆ ಬಡ್ಡಿ ಬೇರೆ. ಮೇಲ್ಕೋಟೆ ಪಾರ್ಕಿನ ಹತ್ತಿರ ಬೈಂಡಿಂಗ್ ಅಂಗಡಿ ನಡೆಸುವ ರಾಯರೊಬ್ಬರು ನನ್ನ ಹಳೆಯ ಗಿರಾಕಿ. ಅವರ ಮಾರಾಟದ ಪಟ್ಟಿ ಒಮ್ಮೆ ಬರಲೇ ಇಲ್ಲ. ಫೋನ್ ಮಾಡಿದೆ. ‘ಕಳಿಸಿ ನಾಲ್ಕು ದಿನ ಆಯ್ತಲ್ಲ ಸ್ವಾಮಿ, ನಿಮ್ಮ ಮೇಲ್ ಎಲ್ಲಾ ನನಗೆ ಬರ್ತಿದೆ’ ಎಂದರು. ಹೋಗಿ ನೋಡಿದರೆ ಪಟ್ಟಿ ಔಟ್‌ಬಾಕ್ಸಿನಲ್ಲಿ ಕೂತಿತ್ತು. ಅದರ ಹಿಂದೆ ಇನ್ನೂ ಹತ್ತಾರು ಮೇಲ್, ಬಿಲ್ಲುಗಳು, ಕೊಟೇಶನ್‌ಗಳು. ಆ ವಾರವೇ ಅವರು ಟೆಲಿಫೋನ್ ತಂತಿಯ ಸಂಪರ್ಕ ಬಿಟ್ಟು ಫೈಬರ್ ಹಾಕಿಸಿದ್ದರು.

ಈ ತೊಂದರೆಯ ಕೇಡು ಇರುವುದು ಇಲ್ಲೇ. ನೆಟ್ ಪೂರ್ತಿ ನಿಂತರೆ ಯಾರಿಗಾದರೂ ಗೊತ್ತಾಗುತ್ತದೆ. ಬರುವ ಮೇಲ್ ಬರುತ್ತಲೇ ಇದ್ದು, ಹೋಗುವುದು ಮಾತ್ರ ನಿಂತರೆ ಗೊತ್ತಾಗುವುದಿಲ್ಲ. ಮೇಲ್ ತರಿಸಿಕೊಳ್ಳುವ ಸರ್ವರ್ ನಿಮ್ಮ ಹೆಸರು, ಪಾಸ್‌ವರ್ಡ್ ಕೇಳುತ್ತದೆ; ಯಾವ ಕಂಪನಿಯ ತಂತಿಯಿಂದ ಬಂದಿರಿ ಎಂದು ಕೇಳುವುದಿಲ್ಲ. ಕಳಿಸುವ ಸರ್ವರಿನ ರೀತಿಯೇ ಬೇರೆ. ರಾಯರ ಮೇಲ್ ವಿಳಾಸ ಅವರ ಅಂಗಡಿಯ ಹೆಸರಿನದೇ. ಆದರೆ ಎಷ್ಟೋ ವರ್ಷಗಳ ಹಿಂದೆ ಯಾರೋ ಸೆಟ್ಟಿಂಗ್ ಮಾಡುವಾಗ, ಹೊರಹೋಗುವ ಸರ್ವರಿನ ಜಾಗದಲ್ಲಿ ಹಳೆಯ ಇಂಟರ್ನೆಟ್ ಕಂಪನಿಯ ಸರ್ವರ್ ಬರೆದಿದ್ದರು. ಪೋರ್ಟ್ (ಸರ್ವರಿನ ಬಾಗಿಲ ಸಂಖ್ಯೆ) 25, ಪಾಸ್‌ವರ್ಡ್ ಇಲ್ಲ. ತನ್ನದೇ ತಂತಿಯ ಗಿರಾಕಿ ಎಂದು ಆ ಸರ್ವರ್ ಇಷ್ಟು ದಿನ ಕೇಳದೆ ಒಪ್ಪಿಕೊಳ್ಳುತ್ತಿತ್ತು. ತಂತಿ ಬದಲಾದ ಮೇಲೆ ರಾಯರು ಅದಕ್ಕೆ ಹೊರಗಿನವರು. ಸಾಲದ್ದಕ್ಕೆ ಹೊಸ ಕಂಪನಿ ಪೋರ್ಟ್ 25ನ್ನೇ ಮುಚ್ಚಿತ್ತು.

ಮುಚ್ಚಿದ್ದು ತಪ್ಪಲ್ಲ, ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. 1982ರಲ್ಲಿ ಜಾನ್ ಪೋಸ್ಟೆಲ್ ಮೇಲ್ ಸಾಗಣೆಯ ನಿಯಮ ಬರೆದಾಗ ಕಳಿಸುವವರು ಯಾರೆಂದು ಪರೀಕ್ಷಿಸುವ ಏರ್ಪಾಡೇ ಅದರಲ್ಲಿರಲಿಲ್ಲ. ಬೀದಿಯ ಅಂಚೆ ಡಬ್ಬಿಯ ಹಾಗೆ, ಯಾರು ಬೇಕಾದರೂ ಹಾಕಬಹುದಿತ್ತು. ಮುಂದೆ ವೈರಸ್ ಹೊಕ್ಕ ಮನೆಮನೆಯ ಕಂಪ್ಯೂಟರುಗಳು ಆ 25ರ ದಾರಿಯಲ್ಲೇ ಸ್ಪ್ಯಾಮ್ ಸುರಿಯತೊಡಗಿದವು. 1998ರಲ್ಲಿ ಬಳಕೆದಾರರು ಮೇಲ್ ಒಪ್ಪಿಸಲೆಂದೇ 587 ಎಂಬ ಬೇರೆ ಪೋರ್ಟ್ ನಿಗದಿಯಾಯಿತು, ಮರುವರ್ಷ ಪಾಸ್‌ವರ್ಡ್ ಕೇಳುವ ಕ್ರಮವೂ ಬಂತು. ಮನೆಯ ಸಂಪರ್ಕಗಳಲ್ಲಿ 25ನ್ನು ಮುಚ್ಚುವುದು ಎಲ್ಲರ ಹಿತಕ್ಕೆ. ಮುಚ್ಚಿದ್ದನ್ನು ಗಿರಾಕಿಗೆ ಹೇಳದಿರುವುದು ಮಾತ್ರ ಅನ್ಯಾಯ.

ಹೇಳಬೇಕಾದದ್ದಾದರೂ ಎಷ್ಟು? ಮೊದಲು ಬ್ರೌಸರಿನಲ್ಲಿ ಮೇಲ್ ತೆರೆದು ಕಳಿಸಿ ನೋಡಿ. ಅಲ್ಲಿಂದ ಹೋಗಿ, ಔಟ್‌ಲುಕ್‌ನಂಥ ಪ್ರೋಗ್ರಾಮಿನಿಂದ ಹೋಗದಿದ್ದರೆ ಸೆಟ್ಟಿಂಗ್ ನೋಡಬೇಕು. ಕಳಿಸಲು ಒತ್ತಿದ ಮೇಲೆ ಬಹಳ ಹೊತ್ತು ಸುತ್ತಿ ‘ಟೈಮ್ಡ್ ಔಟ್’ ಎಂದರೆ ಪೋರ್ಟ್ ಮುಚ್ಚಿರುವ ಸಂಭವವೇ ಹೆಚ್ಚು. ತಕ್ಷಣ 550 ಅಥವಾ 554 ಎಂಬ ಅಂಕಿಯೊಂದಿಗೆ ‘ರಿಲೇ’ ಎಂಬ ಮಾತು ಬಂದರೆ, ಸರ್ವರ್ ನಿಮ್ಮನ್ನು ತನ್ನವರೆಂದು ಒಪ್ಪುತ್ತಿಲ್ಲ. ಎರಡಕ್ಕೂ ಮದ್ದು ಒಂದೇ: ನಿಮ್ಮ ಮೇಲ್ ವಿಳಾಸ ಯಾರ ಬಳಿ ಇದೆಯೋ ಅವರದೇ ಹೊರಹೋಗುವ ಸರ್ವರ್ ಹೆಸರು ಹಾಕಿ, ಪೋರ್ಟ್ 587 ಅಥವಾ 465 ಮಾಡಿ, ಅದಕ್ಕೆ ತಕ್ಕ ಎನ್‌ಕ್ರಿಪ್ಶನ್ ಆರಿಸಿ, ‘ಹೊರಹೋಗುವ ಸರ್ವರಿಗೂ ಪಾಸ್‌ವರ್ಡ್ ಬೇಕು’ ಎಂಬ ಚೌಕಕ್ಕೆ ಗುರುತು ಹಾಕುವುದು. ರಾಯರ ಅಂಗಡಿಯಲ್ಲಿ ಆ ಚೌಕ ಖಾಲಿ ಇತ್ತು. ಗುರುತು ಹಾಕಿ ಉಳಿದದ್ದನ್ನು ಸರಿಮಾಡಿದ ಮೇಲೆ ಔಟ್‌ಬಾಕ್ಸಿನ ಅಂಕಿ ಒಂದೊಂದಾಗಿ ಇಳಿಯಿತು.

ಇದಕ್ಕಿಂತ ದೊಡ್ಡ ಪೆಟ್ಟು ಬೀಳುವುದು, ಮೇಲ್ ವಿಳಾಸವನ್ನೇ ಇಂಟರ್ನೆಟ್ ಕಂಪನಿಯಿಂದ ಪಡೆದ ಹಿರಿಯರಿಗೆ. ಬ್ಯಾಂಕು, ಎಲ್‌ಐಸಿ, ಆದಾಯ ತೆರಿಗೆ, ಎಲ್ಲದಕ್ಕೂ ಅದೇ ವಿಳಾಸ ಕೊಟ್ಟಿರುತ್ತಾರೆ. ಸಂಪರ್ಕ ಬಿಟ್ಟ ಮೇಲೆ ಅದು ಉಳಿಯುತ್ತದೆಂಬ ಭರವಸೆ ಇಲ್ಲ. ಮೊಬೈಲ್ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಹಕ್ಕು 2011ರ ಜನವರಿಯಿಂದ ದೇಶದ ಎಲ್ಲರಿಗೂ ಸಿಕ್ಕಿದೆ. ಮೇಲ್ ವಿಳಾಸಕ್ಕೆ ಅಂಥ ಹಕ್ಕಿಲ್ಲ. ಕನಿಷ್ಠ ಒಂದು ವರ್ಷ ಹಳೆಯ ಪೆಟ್ಟಿಗೆಗೆ ಬಂದದ್ದನ್ನು ಹೊಸ ವಿಳಾಸಕ್ಕೆ ದಾಟಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ನಿಯಮ ಮಾಡಬೇಕು. ಹೊಸ ಸಂಪರ್ಕ ಕೊಡುವವರು ಮೇಲಿನ ನಾಲ್ಕು ಮಾತನ್ನು ಗಿರಾಕಿ ಓದುವ ಭಾಷೆಯಲ್ಲಿ, ಇಲ್ಲಿ ತೆಲುಗು, ಉರ್ದು, ಹಿಂದಿಯಲ್ಲಿ, ಕರ್ನಾಟಕದಲ್ಲಿ ಕನ್ನಡದಲ್ಲಿ, ಅಚ್ಚು ಹಾಕಿಸಿ ಕೊಡುವುದು ಕಡ್ಡಾಯವಾಗಬೇಕು.

ಅಲ್ಲಿಯವರೆಗೆ ಓದುಗರಲ್ಲಿ ನನ್ನದೊಂದು ವಿನಂತಿ. ಲೈನ್ ಹಾಕಲು ಬಂದ ಹುಡುಗ ಓಟಿಪಿ ಕೇಳಿದಾಗ, ಐದು ನಿಮಿಷ ಕೂರಿಸಿ ನೀರು ಕೊಡಿ. ನಿಮ್ಮ ಕಂಪ್ಯೂಟರಿನಿಂದ ಇನ್ನೊಬ್ಬರ ವಿಳಾಸಕ್ಕೆ ಒಂದು ಮೇಲ್ ಕಳಿಸಿ, ತಲುಪಿತೇ ಎಂದು ಫೋನ್ ಮಾಡಿ ಕೇಳಿ. ತಲುಪಿದ ಮೇಲೆ ಓಟಿಪಿ ಕೊಡಿ.