ಅಡುಗೆಯ ಮನೆ: ಜಪಾನೀಯರ ಒಂದೇ ಮಡಕೆಯ ಊಟ

ಆಲೂರು ತಾಲ್ಲೂಕಿನ ಮಗ್ಗೆಯಿಂದ ಗೃಹಿಣಿಯೊಬ್ಬರು ನಮಗೆ ಕಾಗದ ಬರೆದಿರುವರು. ಅವರ ಮಗನು ಉದ್ಯೋಗಾರ್ಥವಾಗಿ ಜಪಾನಿನಲ್ಲಿರುವನು. ಅಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಮನೆಮಂದಿಯೆಲ್ಲ ಕುದಿಯುವ ಮಡಕೆಯೊಂದರ ಸುತ್ತಲೂ ಕುಳಿತು, ಬೇಯಿಸುತ್ತ ಬೇಯಿಸುತ್ತಲೇ ಉಣ್ಣುವರೆಂದು ಅವನು ಹೇಳಿದನಂತೆ. ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ ತಮ್ಮ ಮನೆಯಲ್ಲಿಯೂ ಅದನ್ನು ಮಾಡಬಹುದೆ, ಮೀನು ಮಾಂಸಗಳಿಲ್ಲದೆ ಆದೀತೆ ಎಂಬುದು ಅವರ ಮೊದಲನೆಯ ಪ್ರಶ್ನೆ. ಒಂದೇ ಪಾತ್ರೆಗೆ ಎಲ್ಲರೂ ಕೈಯಿಕ್ಕಿದರೆ ಎಂಜಲಾಗುವುದಿಲ್ಲವೆ, ಅತ್ತೆಯವರು ಒಪ್ಪುವುದೆಂತು ಎಂಬುದು ಎರಡನೆಯದು. ಕಾಗದದ ಕೊನೆಯಲ್ಲಿ ಇನ್ನೊಂದು ಮಾತಿದೆ. ಅದು ಪ್ರಶ್ನೆಯಲ್ಲ, ಆದರೂ ನಮಗೆ ಅದೇ ಮುಖ್ಯವಾಗಿ ತೋರಿತು. ಮಳೆಗಾಲದಲ್ಲಿ ಬಿಸಿರೊಟ್ಟಿಯನ್ನು ಒಂದೊಂದಾಗಿ ತಟ್ಟಿ ಎಲ್ಲರಿಗೂ ಬಡಿಸುವ ಅವರು ತಾವು ಉಣ್ಣಲು ಕುಳಿತುಕೊಳ್ಳುವಷ್ಟರಲ್ಲಿ ಸಾರು ಆರಿಹೋಗಿರುವುದಂತೆ.

ಎಂಜಲಿನ ವಿಚಾರವನ್ನೇ ಮೊದಲು ತೆಗೆದುಕೊಳ್ಳುವೆವು. ಅದು ತೀರದ ಹೊರತು ಮಡಕೆಯು ಒಲೆಯೇರುವಂತಿಲ್ಲ. ಈ ಸಂಕೋಚವು ಜಪಾನೀಯರಲ್ಲಿಯೂ ಇಲ್ಲದಿಲ್ಲ. ಮಡಕೆಯಿಂದ ತೆಗೆದುಕೊಳ್ಳುವುದಕ್ಕೆಂದೇ 'ತೊರಿಬಾಶಿ' ಎಂಬ ಬೇರೆ ಕಡ್ಡಿಗಳನ್ನು ಅವರು ಇಡುವುದುಂಟು. ಪ್ರತಿಯೊಬ್ಬರಿಗೂ ಬೇರೆ ಬಟ್ಟಲಂತೂ ಇದ್ದೇ ಇರುವುದು. ನಮಗೆ ಕಡ್ಡಿಗಳ ಗೊಡವೆಯೇ ಬೇಡ. ಒಂದು ಸೌಟು, ಒಂದು ಜಾಲರಿ, ಇವೆರಡೂ ಮಡಕೆಗೆ ಮೀಸಲು. ಅವು ಯಾರ ಬಟ್ಟಲಿಗೂ ತಾಗಕೂಡದು. ಬಡಿಸುವ ಕೈ ಒಂದೇ ಇರಲಿ. ಆ ಕೈ ಅತ್ತೆಯವರದೇ ಆದರೆ ಮತ್ತೂ ಒಳ್ಳೆಯದು: ಆಕ್ಷೇಪಣೆಯೂ ಅಡಗುವುದು, ಸೊಸೆಗೆ ಕುಳಿತುಕೊಳ್ಳಲು ಎಡೆಯೂ ದೊರೆಯುವುದು.

ಈ ಅಡುಗೆಗೆ ಅವರು 'ನಾಬೆ' ಎನ್ನುವರು. ಆ ಮಾತಿಗೆ ಮಡಕೆಯೆಂದೇ ಅರ್ಥ. ಮಣ್ಣಿನದು 'ದೊನಾಬೆ'. ಹೊಸ ದೊನಾಬೆಯಲ್ಲಿ ಮೊದಲು ಗಂಜಿಯನ್ನು ಕಾಯಿಸಿ, ಅದರ ಪಿಷ್ಟದಿಂದ ಮಣ್ಣಿನ ಸೂಕ್ಷ್ಮ ರಂಧ್ರಗಳು ಮುಚ್ಚುವಂತೆ ಮಾಡುವರು. ಇದನ್ನು ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ತಳವು ಒದ್ದೆಯಾಗಿರುವಾಗ ಮಡಕೆಯನ್ನು ಉರಿಗೆ ಇಡಬಾರದು. ನಾವು ಅವಸರಪಟ್ಟು ಇಟ್ಟು ಒಂದು ಒಳ್ಳೆಯ ಮಡಕೆಯನ್ನು ಕಳೆದುಕೊಂಡೆವು. ಅಗಲ ಬಾಯಿಯ ಮಡಕೆ ಇಲ್ಲದವರು ದಪ್ಪ ತಳದ ಉಕ್ಕಿನ ಪಾತ್ರೆಯನ್ನು ಬಳಸಬಹುದು.

ಮೀನು ಮಾಂಸಗಳಿಲ್ಲದ ನಾಬೆಯು ನಮ್ಮ ಕಲ್ಪನೆಯಲ್ಲ. ಜಪಾನಿನ ಬೌದ್ಧ ಮಠಗಳಲ್ಲಿ 'ಶೋಜಿನ್' ಎಂಬ ಶಾಕಪಾಕವೇ ಇದೆ. ಕ್ಯೋಟೋ ನಗರದ ನಾನ್‌ಜೆನ್‌ಜಿ ಮಠದ ಆಸುಪಾಸಿನಲ್ಲಿ ಹೆಸರಾದ 'ಯುದೋಫು' ಎಂದರೆ ಕೊಂಬು ಎಂಬ ಕಡಲಪಾಚಿಯ ನೀರಿನಲ್ಲಿ ಸೋಯಾ ಅವರೆಯ ಗಿಣ್ಣನ್ನು, ಅಂದರೆ ತೋಫುವನ್ನು, ಬಿಸಿಮಾಡಿ ತಿನ್ನುವುದಷ್ಟೆ. ಕೊಂಬುವಿನ ರುಚಿಗೆ ಗ್ಲುಟಾಮೇಟ್ ಎಂಬ ದ್ರವ್ಯವು ಕಾರಣವೆಂದು ೧೯೦೮ರಲ್ಲಿ ತೋಕಿಯೋದ ವಿಜ್ಞಾನಿ ಇಕೆದಾ ಕಿಕುನಾಯೆ ಕಂಡುಹಿಡಿದು, ಆ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟರು. ಕೊಂಬು ನಮ್ಮ ಸಂತೆಗಳಿಗೆ ಬರುವ ವಸ್ತುವಲ್ಲ. ಚಿಂತೆಯಿಲ್ಲ, ಅದೇ ದ್ರವ್ಯವು ಕಳಿತ ಟೊಮೇಟೋ ಹಣ್ಣಿನಲ್ಲಿಯೂ ಇರುವುದು.

ನಾಲ್ವರಿಗೆ ಒಂದೂವರೆ ಲೀಟರು ನೀರು ಸಾಕು. ಅಂಗಡಿಯಲ್ಲಿ ಕೊಂಡ ಒಣ ಶಿತಾಕೆ ಅಣಬೆ ೨೦ ಗ್ರಾಮನ್ನು ಹಿಂದಿನ ರಾತ್ರಿಯೇ ಆ ನೀರಿನಲ್ಲಿ ನೆನೆಯಿಟ್ಟು, ಮರುದಿನ ಎರಡು ಟೊಮೇಟೋ, ಜಜ್ಜಿದ ಒಂದು ತುಂಡು ಶುಂಠಿ ಸೇರಿಸಿ ಮಂದವಾದ ಉರಿಯಲ್ಲಿ ಅರ್ಧ ಗಂಟೆ ಕಾಯಿಸಿ ಸೋಸಿರಿ. ಅಣಬೆಯನ್ನು ಹೆಚ್ಚಿ ಮರಳಿ ಹಾಕತಕ್ಕದ್ದು. ಎರಡು ಮೂರು ಚಮಚ ಸೋಯಾ ಸಾಸು ಬಿದ್ದಮೇಲೆ ಉಪ್ಪು ಬೇಕೇ ಎಂಬುದನ್ನು ನಾಲಗೆಯಿಂದ ನೋಡಿರಿ. ಮೂಲಂಗಿ, ಆಲೂಗೆಡ್ಡೆಗಳ ತೆಳುಬಿಲ್ಲೆ ಮೊದಲು, ಆಮೇಲೆ ಸೀಮೆಬದನೆ, ಎಲೆಕೋಸು, ತರುವಾಯ ತೋಫು, ಸೊಪ್ಪು ಕೊನೆಗೆ, ಬಾಡುವಷ್ಟು ಹೊತ್ತು ಮಾತ್ರ. ಎಲ್ಲವನ್ನೂ ಒಮ್ಮೆಗೇ ಸುರಿದರೆ ಅದು ಹುಳಿಯಿಲ್ಲದ ಹುಳಿಯಾಗುವುದು. ನಂಜಿಕೊಳ್ಳಲು ಜಪಾನೀಯರು ಹುಳಿಹಣ್ಣಿನ ರಸವನ್ನು ಸೋಯಾ ಸಾಸಿನೊಡನೆ ಬೆರೆಸುವರು. ನಿಂಬೆಯೂ ಆಗಬಹುದು, ಆದರೆ ನಮ್ಮ ಹೇರಳೆಕಾಯಿಯ ರಸಕ್ಕೆ ಸೂಜಿಮೆಣಸನ್ನು ನುರಿದು ಬೆರೆಸಿದಾಗ ಬರುವ ಸೊಗಸೇ ಬೇರೆ.

ಮಲೆನಾಡಿನವರಿಗೆ ಸಹಜವಾಗಿ ತೋರಬಹುದಾದ ಎರಡು ಪದಾರ್ಥಗಳ ವಿಷಯದಲ್ಲಿ ಎಚ್ಚರಿಕೆ ಹೇಳಬೇಕು. ಹಸಿ ಕಳಲೆಯಲ್ಲಿ ಸಯನೈಡ್ ವಿಷವನ್ನು ಹುಟ್ಟಿಸುವ ಅಂಶವಿರುವುದು. ಹೆಚ್ಚಿ, ದಿನವೂ ನೀರು ಬದಲಾಯಿಸುತ್ತ ನೆನೆಯಿಟ್ಟು, ಬೇರೆ ಪಾತ್ರೆಯಲ್ಲಿ ಚೆನ್ನಾಗಿ ಬೇಯಿಸಿ ನೀರು ಚೆಲ್ಲಿದ ಹೊರತು ಅದನ್ನು ಈ ಮಡಕೆಗೆ ಹಾಕಲಾಗದು. ಮಳೆಗೆ ಎದ್ದ ಕಾಡಣಬೆಯಂತೂ ಬೇಡವೇ ಬೇಡ.

ಇವೆರಡಕ್ಕಿಂತಲೂ ದೊಡ್ಡ ಅಪಾಯವು ಒಲೆಯಲ್ಲಿದೆ. ಮಳೆಗಾಳಿಗೆ ವಿದ್ಯುತ್ತು ಹೋಗುವುದು ಮಲೆನಾಡಿಗೆ ಹೊಸದಲ್ಲ. ಆಗ ವಿದ್ಯುತ್ ಒಲೆಯನ್ನು ಬದಿಗಿಟ್ಟು ಇದ್ದಲಿನ ಅಗ್ಗಿಷ್ಟಿಕೆಯನ್ನು ನಡುಮನೆಗೆ ತರೋಣವೆನಿಸುವುದು. ಚಳಿಯೆಂದು ಬಾಗಿಲು ಕಿಟಕಿಗಳನ್ನೂ ಮುಚ್ಚುವರು. ಹಳೆಯ ಹೆಂಚಿನ ಅಡುಗೆಮನೆಯಲ್ಲಿ ಹೊಗೆ ಹೋಗಲು ಸಂದುಗಳಿದ್ದವು; ತಾರಸಿಯ ಮನೆಯ ಮುಚ್ಚಿದ ಕೋಣೆಯಲ್ಲಿ ಅವಿಲ್ಲ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರುಗಳನ್ನು ಊಟದ ಜಡವೆಂದು ಬಗೆದು ಮಲಗಿದವರು ಏಳದೆಯೇ ಹೋಗಬಹುದು. ಆದುದರಿಂದ ಕೆಂಡವು ಕೋಣೆಗೆ ಬರಕೂಡದು. ಕಡುಮಳೆಯಲ್ಲಿ ತೆರೆದ ಜಗಲಿಯೇ ಲೇಸು. ಗ್ಯಾಸಿನ ಚಿಕ್ಕ ಒಲೆಯಾದರೂ ಕಿಟಕಿ ತೆರೆದಿರಲಿ, ಎರಚಲು ಬಂದರೆ ಬರಲಿ.

ಕಾಯಿಪಲ್ಲೆಗಳು ಮುಗಿದಮೇಲೆ ಮಡಕೆಯ ತಳದಲ್ಲಿ ನಿಂತ ರಸವನ್ನು ಚೆಲ್ಲಬೇಡಿರಿ. ಎಲ್ಲ ಸಾರವೂ ಅಲ್ಲಿಯೇ ಇರುವುದು. ಜಪಾನೀಯರು ಅದಕ್ಕೆ ಅನ್ನವನ್ನು ಹಾಕಿ ಕುದಿಸಿ 'ಜೋಸುಯಿ' ಎಂದು ಉಣ್ಣುವರು. ಎರಡು ಸೌಟು ಅನ್ನ, ಒಂದು ಚಿಟಿಕೆ ಕಾಳುಮೆಣಸಿನ ಪುಡಿ ಹಾಕಿ ಐದು ನಿಮಿಷ ಮುಚ್ಚಿಡಿರಿ. ಅದರ ಮೊದಲನೆಯ ಬಟ್ಟಲು ಯಾರ ಕೈಗೆ ಹೋಯಿತೆಂಬುದನ್ನು ಮಗ್ಗೆಯ ಸೋದರಿಯು ನಮಗೆ ಬರೆದು ತಿಳಿಸಲಿ.