ಮೊಳಗದ ಸೈರನ್, ಓದಲಾಗದ ಸಂದೇಶ: ಎಚ್ಚರಿಕೆಯ ಜಾಲದ ದುರಸ್ತಿ ಎಲ್ಲಿಂದ ಆರಂಭವಾಗಬೇಕು?

ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ನಮ್ಮ ಗಡಿನಾಡಿನಲ್ಲಿ ಒಟ್ಟೊಟ್ಟಿಗೇ ನಡೆಯುತ್ತವೆ. ಮಧುವಾಹಿನಿ ಉಕ್ಕಿ ಮಧೂರು ದೇವಾಲಯದ ಅಂಗಳಕ್ಕೆ ನುಗ್ಗುವುದು, ಉಪ್ಪಳ ಮುಸೋಡಿಯ ಕಡಲತೀರವನ್ನು ಅಲೆಗಳು ಕೊರೆಯುವುದು ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಜನರಿಗೆ ಹೊಸ ಸುದ್ದಿಯಲ್ಲ. ಹಳದಿ, ಕಿತ್ತಳೆ, ಕೆಂಪು ಎಂಬ ಎಚ್ಚರಿಕೆಯ ಬಣ್ಣಗಳು ಇಂದು ಒಂದನೆಯ ತರಗತಿಯ ಮಕ್ಕಳ ಬಾಯಲ್ಲಿಯೂ ಇವೆ. ಕೆಂಪು ಎಂದರೆ ನಾಳೆ ರಜೆ ಎಂಬಷ್ಟೇ ಅರ್ಥದಲ್ಲಿ. ಆದರೆ ಆ ಬಣ್ಣ ಹವಾಮಾನ ಇಲಾಖೆಯಿಂದ ಹೊರಟು ನಮ್ಮ ಮನೆಯ ಜಗಲಿಗೆ ತಲುಪುವವರೆಗೆ ಎಷ್ಟು ಯಂತ್ರಗಳನ್ನು, ಎಷ್ಟು ಕೈಗಳನ್ನು ದಾಟಿ ಬರುತ್ತದೆ, ಆ ದಾರಿಯಲ್ಲಿ ಯಾವ ಕೊಂಡಿ ಕಳಚಿದರೆ ಯಾರಿಗೆ ಗೊತ್ತಾಗುತ್ತದೆ ಎಂಬುದನ್ನು ನಾವು ಕೇಳಿದ್ದೇವೆಯೇ?

ಕೇರಳ ಸರಕಾರವು 2025ರ ಜನವರಿಯಲ್ಲಿ ‘ಕವಚಂ’ ಎಂಬ ವಿಪತ್ತು ಮುನ್ನೆಚ್ಚರಿಕೆಯ ಜಾಲವನ್ನು ಉದ್ಘಾಟಿಸಿತು. ರಾಷ್ಟ್ರೀಯ ಚಂಡಮಾರುತ ಅಪಾಯ ನಿವಾರಣಾ ಯೋಜನೆಯಡಿ, ವಿಶ್ವಬ್ಯಾಂಕಿನ ನೆರವಿನಿಂದ ರೂಪುಗೊಂಡ ಈ ಜಾಲದಲ್ಲಿ 126 ಸೈರನ್ ಹಾಗೂ ಮಿನುಗುದೀಪದ ಘಟಕಗಳಿವೆ. 93 ತುರ್ತು ಕಾರ್ಯಾಚರಣಾ ಕೇಂದ್ರಗಳು ಇದಕ್ಕೆ ಜೋಡಣೆಯಾಗಿವೆ. ಶಾಲೆಗಳ ಮತ್ತು ಸರಕಾರಿ ಕಟ್ಟಡಗಳ ಮಾಡಿನ ಮೇಲೆ ಈ ಸೈರನ್‌ಗಳು ನಿಂತಿವೆ. 2024ರ ಜುಲೈ 30ರಂದು, ನಡುರಾತ್ರಿ ಕಳೆದ ಬಳಿಕ, ವಯನಾಡಿನ ಮುಂಡಕೈ ಮತ್ತು ಚೂರಲ್‌ಮಲೆಗಳ ಮೇಲೆ ಗುಡ್ಡ ಜರಿದು ಮಲಗಿದ್ದವರು ಮಲಗಿದ್ದಲ್ಲಿಯೇ ಮಣ್ಣಾದುದನ್ನು ಕಂಡ ನಮಗೆ ಇಂತಹ ಜಾಲದ ಅಗತ್ಯವನ್ನು ಯಾರೂ ವಿವರಿಸಬೇಕಾಗಿಲ್ಲ. ನಾವು ಇಲ್ಲಿ ಎತ್ತುವ ಪ್ರಶ್ನೆ ಬೇರೆ: ಸ್ಥಾಪನೆಯಾದ ಎಚ್ಚರಿಕೆಯ ಜಾಲವನ್ನು ಎಚ್ಚರವಾಗಿ ಇಟ್ಟುಕೊಳ್ಳುವವರು ಯಾರು? ಅದು ಕೆಟ್ಟಿದೆ ಎಂದು ತಿಳಿಯುವುದು ಹೇಗೆ?

ಮೌನವೂ ಒಂದು ದೋಷ

ಶಾಲೆಯ ಗಂಟೆ ಒಡೆದರೆ ಮರುದಿನ ಬೆಳಗ್ಗೆ ಹತ್ತಕ್ಕೇ ತಿಳಿಯುತ್ತದೆ. ದಿನಕ್ಕೆ ಹತ್ತು ಸಲ ಬಾರಿಸುವ ಗಂಟೆ ಅದು. ವಿಪತ್ತಿನ ಸೈರನ್ ಹಾಗಲ್ಲ. ವರ್ಷಗಟ್ಟಲೆ ಸುಮ್ಮನಿರುವುದೇ ಅದರ ಕೆಲಸ. ಸರಿಯಾಗಿರುವ ಸೈರನೂ ಸುಮ್ಮನಿರುತ್ತದೆ, ಕೆಟ್ಟ ಸೈರನೂ ಸುಮ್ಮನಿರುತ್ತದೆ. ಇವೆರಡು ಮೌನಗಳ ನಡುವಣ ವ್ಯತ್ಯಾಸವನ್ನು ಕಂಡುಹಿಡಿಯುವುದೇ ನಿಗಾ ವ್ಯವಸ್ಥೆಯ ಮೊದಲ ಕರ್ತವ್ಯ.

ಈ ಕರ್ತವ್ಯ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆ ಅಮೆರಿಕದ್ದು. 2003ರ ಆಗಸ್ಟ್ 14ರ ಮಧ್ಯಾಹ್ನ ಒಹಾಯೊ ರಾಜ್ಯದ ವಿದ್ಯುತ್ ಕಂಪನಿಯೊಂದರ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆಯ ತಂತ್ರಾಂಶ ಸ್ಥಗಿತಗೊಂಡಿತು. ಅದರ ಕೆಲಸ ವಹಿಸಿಕೊಂಡ ಬದಲಿ ಸರ್ವರ್ ಕೂಡ ಕೈಕೊಟ್ಟಿತು. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಕಾಣಿಸಲಿಲ್ಲ. ಕಾಣಿಸದಿದ್ದುದರಿಂದ ಎಲ್ಲವೂ ಕ್ಷೇಮವೆಂದು ಸಿಬ್ಬಂದಿ ಭಾವಿಸಿದರು. ಅಷ್ಟರಲ್ಲಿ ಹೊರಗೆ ಪ್ರಸರಣ ತಂತಿಗಳು ಬೆಳೆದ ಮರಗಳಿಗೆ ತಗಲಿ ಒಂದರ ಹಿಂದೆ ಒಂದು ಕಡಿತಗೊಳ್ಳುತ್ತಿದ್ದವು. ಸಂಜೆ ನಾಲ್ಕು ಗಂಟೆ ದಾಟುವ ಹೊತ್ತಿಗೆ ಅಮೆರಿಕ ಮತ್ತು ಕೆನಡಾಗಳ ಸುಮಾರು 5 ಕೋಟಿ ಜನ ಕತ್ತಲಲ್ಲಿದ್ದರು. ಮರದ ಕೊಂಬೆ ಕಡಿಯದಿದ್ದುದು ಒಂದು ಕಾರಣವಾದರೆ, ಎಚ್ಚರಿಕೆ ನಿಂತುಹೋಗಿದೆ ಎಂದು ಎಚ್ಚರಿಸುವ ಎಚ್ಚರಿಕೆ ಇಲ್ಲದಿದ್ದುದು ಇನ್ನೊಂದು.

ಇದಕ್ಕೆ ತಂತ್ರಜ್ಞರು ಕಂಡುಕೊಂಡ ಪರಿಹಾರ ನಮಗೆ ಅಪರಿಚಿತವಾದುದಲ್ಲ. ಮಂಗಳೂರಿನ ಹಾಸ್ಟೆಲಿನಲ್ಲಿ ಓದುವ ಮಗಳು ಪ್ರತಿ ಆದಿತ್ಯವಾರ ರಾತ್ರಿ ಫೋನು ಮಾಡುತ್ತಾಳೆ. ಹೇಳಲು ವಿಶೇಷವೇನೂ ಇರುವುದಿಲ್ಲ, ಆದರೂ ಮಾಡುತ್ತಾಳೆ. ಒಂದು ವಾರ ಫೋನು ಬಾರದಿದ್ದರೆ ಹೆತ್ತವರು ಕಾಯುವುದಿಲ್ಲ, ತಾವೇ ಮಾಡುತ್ತಾರೆ. ಸೈರನ್ ಘಟಕವೂ ಹೀಗೆಯೇ ನಿಗದಿತ ಅವಧಿಗೊಮ್ಮೆ ‘ನಾನಿದ್ದೇನೆ’ ಎಂಬ ನಾಡಿ ಸಂದೇಶವನ್ನು ಕೇಂದ್ರಕ್ಕೆ ಕಳುಹಿಸಬೇಕು. ಸಂದೇಶ ಬಾರದಿದ್ದರೆ ಆ ಬಾರದಿರುವಿಕೆಯನ್ನೇ ದೋಷವೆಂದು ದಾಖಲಿಸಬೇಕು. ಕೆಟ್ಟ ಘಟಕವು ತಾನೇ ದೂರು ಹೇಳೀತು ಎಂದು ಕಾಯುತ್ತ ಕುಳಿತರೆ ಆ ದೂರು ಎಂದಿಗೂ ಬಾರದು.

ಕೆಟ್ಟುದು ಎಲ್ಲಿ ಎಂದು ಹುಡುಕುವ ಕ್ರಮ

ನಾಡಿ ನಿಂತಿತೆಂದು ತಿಳಿದ ಮೇಲೆ ಹುಡುಕಾಟಕ್ಕೊಂದು ಕ್ರಮ ಬೇಕು. ಮೊದಲು ವಿದ್ಯುತ್: ಲೈನು ಇದೆಯೇ, ಬ್ಯಾಟರಿ ಚಾರ್ಜು ಹಿಡಿಯುತ್ತಿದೆಯೇ, ಸೌರಫಲಕಕ್ಕೆ ತೆಂಗಿನ ಗರಿಯ ನೆರಳು ಬಿದ್ದಿದೆಯೇ? ಸೀಸ–ಆಮ್ಲದ ಬ್ಯಾಟರಿಗಳು ಕೆಲವು ವರ್ಷಗಳಲ್ಲಿ ಬಲ ಕಳೆದುಕೊಳ್ಳುತ್ತವೆ. ಮೀಟರು ಹಿಡಿದರೆ ಚೆನ್ನಾಗಿರುವಂತೆ ತೋರಿ, ಸೈರನಿನ ಭಾರ ಬಿದ್ದ ಕೂಡಲೇ ಕುಸಿಯುತ್ತವೆ. ಆದುದರಿಂದ ಭಾರ ಹೊರಿಸಿಯೇ ಪರೀಕ್ಷಿಸಬೇಕು. ಎರಡನೆಯದು ಸಂಪರ್ಕ: ಆಂಟೆನಾ ವಾಲಿದೆಯೇ, ಸಿಮ್‌ನ ಅವಧಿ ಮುಗಿದಿದೆಯೇ, ಮೊಬೈಲ್ ಟವರಿಗೇ ವಿದ್ಯುತ್ತಿಲ್ಲವೇ? ವಿಪತ್ತಿನ ರಾತ್ರಿ ಟವರೂ ನಿಲ್ಲಬಹುದಾದ ಕಾರಣ ಒಂದೇ ದಾರಿಯನ್ನು ನಂಬಿದ ಸೈರನ್ ಅರ್ಧ ಸೈರನ್ ಮಾತ್ರ; ಎರಡನೆಯ ದಾರಿ ಇರಬೇಕು, ಅದನ್ನೂ ಬೇರೆಯಾಗಿ ಪರೀಕ್ಷಿಸಬೇಕು. ಮೂರನೆಯದು ಧ್ವನಿಭಾಗ: ಕಹಳೆಯೊಳಗೆ ಕಣಜ ಗೂಡು ಕಟ್ಟಿದೆಯೇ, ಕಡಲ ಉಪ್ಪುಗಾಳಿಗೆ ತಂತಿಯ ಕೀಲುಗಳು ತುಕ್ಕು ಹಿಡಿದಿವೆಯೇ? ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಮುನ್ನ ಎರಗುವ ಸಿಡಿಲು ಎತ್ತರದ ಕಂಬಗಳ ಉಪಕರಣಗಳಿಗೆ ಮೊದಲ ಶತ್ರು. ಅರ್ಥಿಂಗ್ ಸರಿಯಿಲ್ಲದಿದ್ದರೆ ಮೇ ತಿಂಗಳಲ್ಲಿ ಸುಟ್ಟ ಘಟಕ ಜುಲೈಯಲ್ಲಿ ಬೇಕಾದಾಗ ಮೂಕವಾಗಿರುತ್ತದೆ.

ಇವೆಲ್ಲವೂ ಸರಿಯಿದ್ದು ಕೇಂದ್ರದ ಪರದೆಯೆದುರು ಕುಳಿತವರಿಗೆ ಯಾವ ಗುಂಡಿ ಒತ್ತಬೇಕು, ಯಾರ ಅನುಮತಿ ಬೇಕು ಎಂಬುದು ತಿಳಿಯದಿದ್ದರೆ ಅದೂ ಜಾಲದ ದೋಷವೇ. ಮನುಷ್ಯನೂ ಈ ಸರಪಳಿಯ ಒಂದು ಕೊಂಡಿ.

ಅತಿಯಾದ ಎಚ್ಚರಿಕೆ

ಮೌನಕ್ಕೆ ವಿರುದ್ಧವಾದ ರೋಗವೊಂದಿದೆ. 1994ರ ಜುಲೈ 24ರಂದು ವೇಲ್ಸ್‌ನ ಮಿಲ್‌ಫರ್ಡ್ ಹೇವನ್‌ನ ತೈಲ ಸಂಸ್ಕರಣಾಗಾರದಲ್ಲಿ ಸಿಡಿಲಿನ ಮಳೆಯಿಂದ ಆರಂಭವಾದ ಏರುಪೇರು ಸ್ಫೋಟದಲ್ಲಿ ಕೊನೆಗೊಂಡಿತು. ಸ್ಫೋಟಕ್ಕೆ ಮುಂಚಿನ ಸುಮಾರು 11 ನಿಮಿಷಗಳಲ್ಲಿ ಇಬ್ಬರು ಸಿಬ್ಬಂದಿಯ ಮುಂದೆ 275 ಎಚ್ಚರಿಕೆಗಳು ಮೊಳಗಿದವು. ಯಾವುದು ಮುಖ್ಯ, ಯಾವುದು ಅದರ ನೆರಳು ಎಂದು ಬೇರ್ಪಡಿಸಲು ಯಾರಿಂದ ಸಾಧ್ಯ?

ಒಂದು ಸಂಪರ್ಕ ತುಂಡಾದರೆ ಅದರಾಚೆಗಿನ ಎಲ್ಲ ಘಟಕಗಳೂ ಏಕಕಾಲಕ್ಕೆ ‘ಸತ್ತಂತೆ’ ತೋರುತ್ತವೆ. ಒಳ್ಳೆಯ ನಿಗಾ ವ್ಯವಸ್ಥೆಯು ಮೂಲದ ಒಂದು ದೋಷವನ್ನು ಮುಂದಿಟ್ಟು ಉಳಿದವನ್ನು ಅದರ ಕೆಳಗೆ ಸೇರಿಸುತ್ತದೆ. ನಿತ್ಯವೂ ಸುಳ್ಳೇ ಕೂಗುವ ಒಂದು ಸಂವೇದಕವನ್ನು ಬೇಸತ್ತು ಮುಚ್ಚಿಡುವುದು ಸುಲಭ. ಮುಚ್ಚಿಟ್ಟುದನ್ನು ಮತ್ತೆ ತೆರೆಯಲು ಮರೆಯುವುದು ಇನ್ನೂ ಸುಲಭ. ಮುಚ್ಚಿಟ್ಟ ಪ್ರತಿಯೊಂದು ಎಚ್ಚರಿಕೆಗೂ ದಿನಾಂಕ, ಕಾರಣ, ಹೊಣೆಗಾರರ ಸಹಿ ಇರಬೇಕೆನ್ನುವುದು ಇದಕ್ಕಾಗಿ. ನಮ್ಮ ಮನೆಗಳಲ್ಲಿಯೂ ನಡೆಯುವುದು ಇದೇ. ಕೆಂಪು ಎಂದ ದಿನ ಬಿಸಿಲು ಬಂದರೆ ಮುಂದಿನ ಕೆಂಪಿಗೆ ನಾವು ಬೆಲೆ ಕೊಡುವುದಿಲ್ಲ. ಭಾರೀ ಮಳೆಯ ಸಂಭವವನ್ನು ತಿಳಿಸುವುದು ಸುಳ್ಳಲ್ಲ ಎಂದು ಮಕ್ಕಳಿಗೆ ಕಲಿಸುವುದು ಅಧ್ಯಾಪಕರಾದ ನಮ್ಮ ಪಾಲಿನ ನಿರ್ವಹಣೆ.

ಪರೀಕ್ಷೆಯಲ್ಲಿ ಸೋಲುವುದು ಸೋಲಲ್ಲ

2020ರ ಸೆಪ್ಟೆಂಬರ್ 10ರಂದು ಜರ್ಮನಿಯು ದೇಶವ್ಯಾಪಿ ಎಚ್ಚರಿಕೆಯ ದಿನವನ್ನು ನಡೆಸಿತು. ಬೆಳಗ್ಗೆ 11ಕ್ಕೆ ಬರಬೇಕಾಗಿದ್ದ ಮೊಬೈಲ್ ಸಂದೇಶ ಸುಮಾರು ಅರ್ಧ ತಾಸು ತಡವಾಗಿ ಬಂತು. ಅನೇಕ ಊರುಗಳಲ್ಲಿ ಶೀತಲ ಸಮರದ ಕಾಲದ ಸೈರನ್‌ಗಳನ್ನು ಕಿತ್ತು ಹಾಕಲಾಗಿತ್ತು. ಪರೀಕ್ಷೆ ವಿಫಲವೆಂದು ಸರಕಾರವೇ ಒಪ್ಪಿಕೊಂಡಿತು. ಆದರೆ ದುರಸ್ತಿ ಮುಗಿಯುವ ಮೊದಲೇ 2021ರ ಜುಲೈಯ ಪ್ರವಾಹ ಬಂತು. ಜರ್ಮನಿಯಲ್ಲಿ 180ಕ್ಕೂ ಹೆಚ್ಚು ಜನ ಸತ್ತರು. ಟವರಿನ ವ್ಯಾಪ್ತಿಯಲ್ಲಿರುವ ಎಲ್ಲ ಫೋನುಗಳಿಗೂ ಒಮ್ಮೆಗೇ ಸಂದೇಶ ತಲುಪಿಸುವ ಪ್ರಸಾರ ವ್ಯವಸ್ಥೆಯನ್ನು ಅಲ್ಲಿ ಅಳವಡಿಸಿದ್ದು ಅನಂತರ. ದೋಷ ತಿಳಿದುಕೊಂಡರಷ್ಟೇ ಸಾಲದು, ಅದನ್ನು ಎಷ್ಟು ದಿನದೊಳಗೆ ಸರಿಪಡಿಸುತ್ತೇವೆ ಎಂಬುದೂ ಜೀವದ ಲೆಕ್ಕವೇ.

ನಮ್ಮ ದೇಶದಲ್ಲಿಯೂ ಸಿ-ಡಾಟ್ ಸಂಸ್ಥೆ ರೂಪಿಸಿದ ಇಂತಹ ಪ್ರಸಾರದ ಪರೀಕ್ಷೆ 2023ರಲ್ಲಿ ರಾಜ್ಯದಿಂದ ರಾಜ್ಯಕ್ಕೆ ನಡೆಯಿತು. ಫೋನುಗಳೆಲ್ಲ ಒಮ್ಮೆಲೇ ಕಿರುಚಿದ ಆ ದಿನ ಹಲವರಿಗೆ ನೆನಪಿರಬಹುದು. 2025ರ ಮೇ 7ರಂದು ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆಯೂ ನಡೆಯಿತು. ಇಂತಹ ದಿನಗಳ ಬಳಿಕ ‘ಯಶಸ್ವಿ’ ಎಂಬ ಒಂದು ಪದದ ವರದಿ ನಮಗೆ ಬೇಡ. ಯಾವ ವಾರ್ಡಿನಲ್ಲಿ ಕೇಳಿಸಿತು, ಯಾವ ವಾರ್ಡಿನಲ್ಲಿ ಕೇಳಿಸಲಿಲ್ಲ, ಕೇಳಿಸಿದವರಿಗೆ ಏನು ಅರ್ಥವಾಯಿತು ಎಂಬ ಪಟ್ಟಿ ಬೇಕು.

ಕೊನೆಯ ಕೊಂಡಿ ಭಾಷೆ

ಕಳೆದ ಮಳೆಗಾಲದ ರಕ್ಷಕ-ಶಿಕ್ಷಕ ಸಭೆಯೊಂದರಲ್ಲಿ ತಾಯಿಯೊಬ್ಬರು ಫೋನನ್ನು ನಮ್ಮ ಮುಂದೆ ಹಿಡಿದು, “ಟೀಚರೇ, ಇದರಲ್ಲಿ ಎಂತ ಬರೆದದ್ದು?” ಎಂದು ಕೇಳಿದರು. ಅದು ಹಿಂದಿನ ದಿನದ ಮಳೆ ಎಚ್ಚರಿಕೆ. ಮಲಯಾಳ ಲಿಪಿಯಲ್ಲಿತ್ತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತ ಅವರಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಅವರ ಮನೆ ಹೊಳೆಯ ಬದಿಯಲ್ಲಿದೆ. ಸಂದೇಶ ಹೊರಟಿತ್ತು, ಟವರ್ ಕೆಲಸ ಮಾಡಿತ್ತು, ಫೋನು ಸದ್ದು ಮಾಡಿತ್ತು. ಕೇಂದ್ರದ ದಾಖಲೆಯಲ್ಲಿ ಅದು ‘ತಲುಪಿದೆ’. ಹೊಳೆಯ ಬದಿಯ ಆ ಮನೆಯಲ್ಲಿ ಮಾತ್ರ ತಲುಪಿರಲಿಲ್ಲ.

ಇದನ್ನು ನಾವು ಭಾಷಾಭಿಮಾನದ ಮಾತಾಗಿ ಹೇಳುತ್ತಿಲ್ಲ. ಬ್ಯಾಟರಿ ಕೆಟ್ಟ ಸೈರನಿನಂತೆಯೇ, ಓದಲಾಗದ ಸಂದೇಶವೂ ಎಚ್ಚರಿಕೆಯ ಜಾಲದ ತಾಂತ್ರಿಕ ದೋಷ. ದೋಷಗಳ ಪುಸ್ತಕದಲ್ಲಿ ಬರೆದು, ದಿನಾಂಕ ಹಾಕಿ, ಸರಿಪಡಿಸಬೇಕಾದ ದೋಷ. ಸರಿಪಡಿಸಲು ಅಡ್ಡಿಯೂ ಇಲ್ಲ. ಎಚ್ಚರಿಕೆಗಳನ್ನು ರೂಪಿಸುವ ಅಂತಾರಾಷ್ಟ್ರೀಯ ಸಾಮಾನ್ಯ ವಿಧಾನದಲ್ಲಿ ಒಂದೇ ಎಚ್ಚರಿಕೆಯೊಳಗೆ ಹಲವು ಭಾಷೆಗಳ ಪಠ್ಯವನ್ನು ಸೇರಿಸಲು ಅವಕಾಶವಿದೆ. ಪ್ರಸಾರ ಸಂದೇಶ ಹೋಗುವುದು ಫೋನಿನ ಸಂಖ್ಯೆಯನ್ನು ನೋಡಿ ಅಲ್ಲ, ಟವರನ್ನು ನೋಡಿ. ತಲಪಾಡಿಯ ಗಡಿಯಲ್ಲಿ ದಕ್ಷಿಣ ಕನ್ನಡದ ಟವರು ಹಿಡಿದ ಫೋನಿಗೆ ಕನ್ನಡದ ಸಂದೇಶ ಬರಬಹುದಾದರೆ, ನಾಲ್ಕು ಹೆಜ್ಜೆ ಈಚೆಗಿನ ಮಂಜೇಶ್ವರದ ಟವರಿಗೆ ಅದೇ ಪಠ್ಯವನ್ನು ಕೊಡುವುದು ಯಂತ್ರಕ್ಕೆ ಕಷ್ಟದ ಕೆಲಸವಲ್ಲ. ಬೇಕಾದುದು ಮಳೆ, ಗುಡ್ಡಕುಸಿತ, ಪ್ರವಾಹ, ಕಡಲಬ್ಬರ, ಸ್ಥಳಾಂತರಗಳಿಗೆ ಮೊದಲೇ ಸಿದ್ಧಪಡಿಸಿ, ಬಲ್ಲವರಿಂದ ತಿದ್ದಿಸಿಟ್ಟ ಕೆಲವೇ ಕನ್ನಡ ವಾಕ್ಯಗಳು. ವಿಪತ್ತಿನ ರಾತ್ರಿ ಅನುವಾದಕರನ್ನು ಹುಡುಕಬಾರದು.

ಕಾನೂನೂ ನಮ್ಮ ಕಡೆಗಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 30ನೆಯ ಸೆಕ್ಷನ್ ಮುನ್ನೆಚ್ಚರಿಕೆಯ ವ್ಯವಸ್ಥೆಯನ್ನು ಸ್ಥಾಪಿಸುವುದು ಮಾತ್ರವಲ್ಲ, ಅದನ್ನು ನಿರ್ವಹಿಸಿ, ಪರಿಶೀಲಿಸಿ, ಮೇಲ್ದರ್ಜೆಗೇರಿಸಿ, ಜನರಿಗೆ ಸರಿಯಾದ ಮಾಹಿತಿ ಮುಟ್ಟಿಸುವ ಹೊಣೆಯನ್ನೂ ಜಿಲ್ಲಾ ಪ್ರಾಧಿಕಾರಕ್ಕೆ ಒಪ್ಪಿಸಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಂದಿಗೆ ವ್ಯವಹರಿಸಬಹುದೆಂದೂ ಉತ್ತರವೂ ಅದೇ ಭಾಷೆಯಲ್ಲಿರಬೇಕೆಂದೂ ಹೇಳಿದೆ. ಅರ್ಜಿಗೆ ಕನ್ನಡದಲ್ಲಿ ಉತ್ತರ ಕೊಡಬೇಕಾದ ಸರಕಾರ, ಪ್ರಾಣ ಉಳಿಸುವ ಮಾತನ್ನು ಕನ್ನಡದಲ್ಲಿ ಹೇಳಬಾರದೇಕೆ?

ನಾವು ಮಾಡಬೇಕಾದುದು

ಪ್ರತಿಯೊಂದು ಕನ್ನಡ ಮಾಧ್ಯಮ ಶಾಲೆಯ ರಕ್ಷಕ-ಶಿಕ್ಷಕ ಸಂಘವು ಒಂದು ನೋಟುಪುಸ್ತಕ ತೆರೆಯಲಿ. ಎಚ್ಚರಿಕೆ ಬಂದ ದಿನಾಂಕ ಮತ್ತು ಹೊತ್ತು, ಬಂದ ದಾರಿ, ಬಂದ ಭಾಷೆ, ಅರ್ಥವಾಯಿತೇ, ಸೈರನ್ ಕೇಳಿಸಿತೇ ಎಂಬ ಐದು ಕಲಂಗಳು ಸಾಕು. ಏಳನೆಯ ತರಗತಿಯ ಮಕ್ಕಳು ಇದನ್ನು ಚೆನ್ನಾಗಿ ತುಂಬಬಲ್ಲರು. ಮಳೆಗಾಲ ಮುಗಿದ ಮೇಲೆ ಅದರ ಪ್ರತಿಯನ್ನು ಗ್ರಾಮಸಭೆಯಲ್ಲಿ ಓದಿಸಿ, ಕನ್ನಡದಲ್ಲಿಯೇ ಬರೆದ ಮನವಿಯೊಂದಿಗೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರಾದ ಜಿಲ್ಲಾಧಿಕಾರಿಗಳಿಗೆ ಕಳುಹಿಸೋಣ. ನಮ್ಮ ಪಂಚಾಯತಿಗೆ ಹತ್ತಿರದ ಸೈರನ್ ಎಲ್ಲಿದೆ, ಅದನ್ನು ಕಳೆದ ಬಾರಿ ಪರೀಕ್ಷಿಸಿದ್ದು ಎಂದು, ಕನ್ನಡದ ಧ್ವನಿಸಂದೇಶ ಅದರಲ್ಲಿದೆಯೇ ಎಂಬ ಮೂರು ಪ್ರಶ್ನೆಗಳು ಆ ಮನವಿಯಲ್ಲಿರಲಿ. ಶಾಲೆಯ ಮಾಡಿನ ಮೇಲೆ ಘಟಕವಿದ್ದರೆ ಅದರ ಕೀಲಿಕೈ ಯಾರಲ್ಲಿದೆ, ರಜೆಯ ದಿನ ಗೇಟು ತೆರೆಯುವವರು ಯಾರು ಎಂಬುದನ್ನು ಇಂದೇ ಕೇಳಿಕೊಳ್ಳೋಣ. 1077 ಎಂಬ ಜಿಲ್ಲಾ ತುರ್ತು ಸಂಖ್ಯೆಯನ್ನು ಮನೆಯ ಗೋಡೆಯ ಮೇಲೆ ದೊಡ್ಡ ಅಂಕಿಗಳಲ್ಲಿ ಬರೆಯೋಣ.

ವಯನಾಡಿನಲ್ಲಿ, ನೀಲಗಿರಿಯಲ್ಲಿ, ತಾಳವಾಡಿಯಲ್ಲಿ ಇರುವ ನಮ್ಮವರಿಗೂ ಈ ಪ್ರಶ್ನೆಗಳು ಅನ್ವಯಿಸುತ್ತವೆ. ಗುಡ್ಡಕ್ಕೂ ಹೊಳೆಗೂ ರಾಜ್ಯದ ಗಡಿ ತಿಳಿಯದು. ಮುಂದಿನ ಸಭೆಗೆ ಆ ತಾಯಿ ಮತ್ತೆ ಫೋನು ಹಿಡಿದುಕೊಂಡು ಬಂದಾಗ ನಾವು ಸಂದೇಶವನ್ನು ಓದಿ ಹೇಳುವಂತಾಗಬಾರದು. ಅವರೇ ಓದಿ, ಹಿಂದಿನ ರಾತ್ರಿಯೇ ಮಕ್ಕಳನ್ನು ಕರೆದುಕೊಂಡು ಎತ್ತರದ ಜಾಗಕ್ಕೆ ಹೋಗಿದ್ದೆವು ಎಂದು ಹೇಳುವಂತಾಗಬೇಕು.